ಅಂಬಾಸಿಡರ್‌ಗೆ ಎರಡು ಫ್ಯಾನ್, ಮೂರು ರಿಲೇ

ನಮ್ಮ ಮನೆಯ 1986ರ ಅಂಬಾಸಿಡರ್ ಹೈವೇಯಲ್ಲಿ ಎಂದೂ ಹೀಟ್ ಆದದ್ದಿಲ್ಲ. ಅದರ ಸಿಟ್ಟೆಲ್ಲ ಬೆಂಗಳೂರಿನ ಸಿಲ್ಕ್ ಬೋರ್ಡ್ ಸಿಗ್ನಲ್ ಮೇಲೆ. ಹತ್ತು ನಿಮಿಷ ನಿಂತರೆ ಸಾಕು, ಟೆಂಪರೇಚರ್ ಮುಳ್ಳು ಮೇಲೇರುತ್ತಿತ್ತು. ಬಾನೆಟ್ ಎತ್ತಿ, ನೀರಿನ ಬಾಟಲಿ ಹಿಡಿದು ರಸ್ತೆ ಪಕ್ಕ ನಿಲ್ಲೋದು ನನಗೆ ರೂಢಿಯೇ ಆಗಿಬಿಟ್ಟಿತ್ತು.

ಈ ಗಾಡಿಯ 1489 ಸಿಸಿ ಪೆಟ್ರೋಲ್ ಎಂಜಿನ್‌ನಲ್ಲಿ ರೇಡಿಯೇಟರ್ ತಣ್ಣಗಿಡುವ ಫ್ಯಾನ್ ಕೂತಿರೋದು ವಾಟರ್ ಪಂಪ್‌ನ ಪುಲ್ಲಿ ಮೇಲೆ. ಬೆಲ್ಟ್ ತಿರುಗಿದಷ್ಟೇ ಅದೂ ತಿರುಗಬೇಕು. ಗಾಡಿ ನಿಂತಾಗ ಗಾಳಿ ಜಾಸ್ತಿ ಬೇಕು, ಆದರೆ ಆಗಲೇ ಎಂಜಿನ್ ಐಡಲ್‌ನಲ್ಲಿ ಇರುತ್ತದೆ, ಫ್ಯಾನ್ ತೂಕಡಿಸುತ್ತದೆ. ಎಂಬತ್ತರಲ್ಲಿ ಓಡುವಾಗ ಗಾಳಿ ತಾನಾಗಿ ರೇಡಿಯೇಟರ್‌ಗೆ ನುಗ್ಗುತ್ತದೆ. ಆಗ ಈ ಫ್ಯಾನ್ ಭರ್ರೆಂದು ತಿರುಗುತ್ತಾ ಎಂಜಿನ್ ಶಕ್ತಿ ತಿನ್ನುತ್ತದೆ, ಅಷ್ಟೇ.

ಎಲೆಕ್ಟ್ರಿಕ್ ಫ್ಯಾನ್ ಹಾಕೋ ಮುಂಚೆ ರೇಡಿಯೇಟರ್ ಬಿಚ್ಚಿಸಿ ಒಳಗೆ ಕಡ್ಡಿ ಹೊಡೆಸಿದೆ, ಕ್ಯಾಪ್ ಮತ್ತು ಥರ್ಮೋಸ್ಟಾಟ್ ಹೊಸದು ಹಾಕಿದೆ. ಕಟ್ಟಿಕೊಂಡ ರೇಡಿಯೇಟರ್‌ಗೆ ಎಷ್ಟು ಫ್ಯಾನ್ ಹಾಕಿದರೂ ಅಷ್ಟೇ. ಇನ್ನೊಂದು ವಿಷಯದಲ್ಲಿ ಅಪ್ಪನಿಗೆ ಥ್ಯಾಂಕ್ಸ್ ಹೇಳಬೇಕು. ಹಳೇ ಡೈನಮೋ ತೆಗೆದು ಆಲ್ಟರ್ನೇಟರ್ ಹಾಕಿಸಿದ್ದು ಅವರೇ. ಡೈನಮೋ ಐಡಲ್‌ನಲ್ಲಿ ಚಾರ್ಜೇ ಮಾಡೋದಿಲ್ಲ ಅನ್ನಬಹುದು. ಅದರ ಜೊತೆ ಎರಡು ಫ್ಯಾನ್ ಓಡಿಸಿದ್ದರೆ ಒಂದೇ ಟ್ರಾಫಿಕ್ ಜಾಮ್‌ಗೆ ಬ್ಯಾಟರಿ ಮಲಗಿಬಿಡುತ್ತಿತ್ತು.

ಜೆಸಿ ರೋಡಿನಲ್ಲಿ ಹತ್ತು ಇಂಚಿನ ಎರಡು ಸೆಕೆಂಡ್ ಹ್ಯಾಂಡ್ ಫ್ಯಾನ್ ಸಿಕ್ಕವು. ಮನೆಗೆ ತಂದು ಬ್ಯಾಟರಿಗೆ ಕೊಟ್ಟು, ಕ್ಲ್ಯಾಂಪ್ ಮೀಟರ್ ಇಟ್ಟು ನೋಡಿದೆ. ಓಡುವಾಗ ಒಂದೊಂದೂ ಸುಮಾರು 8 ಆಂಪಿಯರ್, ಶುರುವಾಗುವ ಕ್ಷಣಕ್ಕೆ 20 ದಾಟುತ್ತದೆ. ಇಷ್ಟನ್ನು ಡ್ಯಾಶ್‌ಬೋರ್ಡಿನ ಸ್ವಿಚ್ ಮೂಲಕವೋ ಇಗ್ನಿಷನ್ ಕೀ ಮೂಲಕವೋ ಎಳೆದರೆ ಒಳಗಿನ ಕಾಂಟ್ಯಾಕ್ಟ್ ಸುಡೋದು ಖಂಡಿತ. ರಿಲೇ ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್. ಅದು ಇದ್ದರೆ ಕೀ ಮೇಲೆ ಬೀಳೋದು ಅದರ ಒಳಗಿನ ಕಾಯಿಲ್‌ನ ಕರೆಂಟ್ ಮಾತ್ರ. ಒಂದೊಂದು ರಿಲೇಗೆ ಒಂದು ಆಂಪಿಯರ್‌ನ ಸಣ್ಣ ಭಾಗ ಸಾಕು.

ನನಗೆ ಎರಡು ಸ್ಪೀಡ್ ಬೇಕಿತ್ತು. ಯಾವಾಗಲೂ ಎರಡು ಫ್ಯಾನ್ ಪೂರ್ತಿ ಕಿರುಚೋದು ಬೇಡ. ಇದಕ್ಕೆ ಮೂರು ರಿಲೇಯ ಹಳೇ ಉಪಾಯ ಒಂದಿದೆ. ಮೊದಲ ರಿಲೇ ಬ್ಯಾಟರಿಯ ಪಾಸಿಟಿವ್ ಅನ್ನು ಎಡಗಡೆ ಫ್ಯಾನ್‌ಗೆ ಕೊಡುತ್ತದೆ. ಆ ಫ್ಯಾನ್‌ನ ನೆಗೆಟಿವ್ ಸೀದಾ ಅರ್ಥ್‌ಗೆ, ಅಂದರೆ ಗಾಡಿಯ ಲೋಹದ ಬಾಡಿಗೆ, ಹೋಗೋದಿಲ್ಲ, ಎರಡನೇ ರಿಲೇಯ 30ನೇ ಪಿನ್ನಿಗೆ ಬರುತ್ತದೆ (ಪಿನ್ನುಗಳ ನಂಬರ್ ರಿಲೇ ಮೇಲೇ ಇರುತ್ತದೆ). ರಿಲೇ ಸುಮ್ಮನಿದ್ದಾಗ 30 ಮತ್ತು 87ಎ ಪಿನ್ನುಗಳು ಕೂಡಿರುತ್ತವೆ, ಆನ್ ಆದರೆ 30 ಹೋಗಿ 87ಕ್ಕೆ ಸೇರುತ್ತದೆ. 87ಎಯಿಂದ ಬಲಗಡೆ ಫ್ಯಾನ್‌ನ ಪಾಸಿಟಿವ್‌ಗೆ ಒಂದು ವೈರ್. ಆ ಫ್ಯಾನ್‌ನ ನೆಗೆಟಿವ್ ಅರ್ಥ್‌ಗೆ. ಹಾಗಾಗಿ ಮೊದಲ ರಿಲೇ ಮಾತ್ರ ಆನ್ ಆದರೆ ಕರೆಂಟ್ ಎಡ ಫ್ಯಾನ್ ದಾಟಿಯೇ ಬಲ ಫ್ಯಾನ್‌ಗೆ ಬರಬೇಕು. ತಲಾ ಅರ್ಧ ವೋಲ್ಟೇಜ್, ಎರಡೂ ಮೆಲ್ಲಗೆ ತಿರುಗುತ್ತವೆ.

ಪೂರ್ತಿ ಸ್ಪೀಡ್ ಬೇಕಾದಾಗ ಎರಡನೇ ಮತ್ತು ಮೂರನೇ ರಿಲೇ ಒಟ್ಟಿಗೆ ಆನ್ ಆಗುತ್ತವೆ. ಎರಡನೆಯದು ಎಡ ಫ್ಯಾನ್‌ನ ನೆಗೆಟಿವ್ ಅನ್ನು 87ರ ಮೂಲಕ ಅರ್ಥ್‌ಗೆ ಹಾಕುತ್ತದೆ. ಮೂರನೆಯದು ಬಲ ಫ್ಯಾನ್‌ಗೆ ಬೇರೆ ಪಾಸಿಟಿವ್ ಕೊಡುತ್ತದೆ. ಈಗ ಎರಡಕ್ಕೂ ಪೂರ್ತಿ ವೋಲ್ಟೇಜ್. ಫ್ಯಾನ್‌ಗಳಿಗೆ 2.5 ಸ್ಕ್ವೇರ್ ಎಂಎಂ ವೈರ್ ಎಳೆದೆ, ಮನೆ ವೈರಿಂಗಿನ ಗಟ್ಟಿ ತಂತಿಯಲ್ಲ, ಸಣ್ಣ ಎಳೆಗಳ ಆಟೋ ವೈರ್. ಒಂದನೇ ರಿಲೇಗೂ ಮೂರನೇ ರಿಲೇಗೂ ಬೇರೆ ಬೇರೆ 20 ಆಂಪಿಯರ್ ಫ್ಯೂಸ್, ಎರಡೂ ಬ್ಯಾಟರಿ ಪಕ್ಕದಲ್ಲೇ.

ಕಾಗದದ ಮೇಲೆ ಎಲ್ಲ ಚೆನ್ನಾಗಿತ್ತು. ಜೋಡಿಸಿ ಕೀ ತಿರುಗಿಸಿ, ಮೊದಲ ಸ್ಪೀಡಿನ ರಿಲೇ ಆನ್ ಮಾಡುವ ವೈರನ್ನು ಕೈಯಿಂದ ಗಾಡಿಯ ಬಾಡಿಗೆ ಮುಟ್ಟಿಸಿದೆ. ರಿಲೇ ಟಿಕ್ ಎಂದಿತು. ಫ್ಯಾನ್ ಅಲ್ಲಾಡಲಿಲ್ಲ. ಸರಿ ಎಂದು ಪೂರ್ತಿ ಸ್ಪೀಡಿನ ವೈರನ್ನೂ ಮುಟ್ಟಿಸಿದೆ. ಮೂರನೇ ರಿಲೇಯ ಫ್ಯೂಸ್ ಟಪ್ ಎಂದು ಹೋಯಿತು. ಹೊಸ ಫ್ಯೂಸ್ ಹಾಕಿದೆ. ಅದೂ ಹೋಯಿತು.

ಒಂದು ಭಾನುವಾರ ಪೂರ್ತಿ ಆ ವೈರುಗಳನ್ನೇ ಹುಡುಕಿದೆ. ಸಂಜೆ ಬೇಜಾರಾಗಿ ರಿಲೇ ಕಿತ್ತು ಕೈಯಲ್ಲಿ ತಿರುಗಿಸಿ ನೋಡಿದರೆ ಅದರ ಮೇಲೆ 87ಎ ಇರಲೇ ಇಲ್ಲ! ನಡುವಿನ ಪಿನ್ನೂ 87, ಪಕ್ಕದ ಪಿನ್ನೂ 87. ಅಂಗಡಿಯಲ್ಲಿ ನಾನು ಕೇಳಿದ್ದು "ಐದು ಪಿನ್ ರಿಲೇ ಕೊಡಿ" ಅಂತ. ಅವರು ಕೊಟ್ಟಿದ್ದೂ ಐದು ಪಿನ್ನೇ. ಇದು ಆನ್ ಆದಾಗ 30ನ್ನು ಎರಡೂ 87ಗಳಿಗೆ ಸೇರಿಸುವ ಜಾತಿ. ಸುಮ್ಮನಿದ್ದಾಗ ಯಾವುದಕ್ಕೂ ಸೇರೋದಿಲ್ಲ, ಅದಕ್ಕೇ ಮೊದಲ ಸ್ಪೀಡ್ ಸತ್ತಿತ್ತು. ಆನ್ ಆದಾಗ ಬಲ ಫ್ಯಾನ್‌ನ ಪಾಸಿಟಿವ್ ಅನ್ನೂ ಅರ್ಥ್‌ಗೆ ಎಳೆಯುತ್ತಿತ್ತು, ಅದೇ ಹೊತ್ತಿಗೆ ಮೂರನೇ ರಿಲೇ ಅಲ್ಲಿಗೇ ಬ್ಯಾಟರಿ ಕೊಡುತ್ತಿತ್ತು. ನೇರ ಶಾರ್ಟ್. ಫ್ಯೂಸ್ ಇಲ್ಲದಿದ್ದರೆ ಆ ವೈರ್ ಕೆಂಪಗಾಗುತ್ತಿತ್ತು. ಈಗ ರಿಲೇಯ ಮೈಮೇಲಿನ ಚಿತ್ರ ನೋಡದೆ, 30ಕ್ಕೂ 87ಎಗೂ ಮೀಟರ್ ಇಟ್ಟು, ಎರಡೂ ಕೂಡಿವೆ ಅನ್ನುವ ಬೀಪ್ ಕೇಳದೆ ಕಾಸು ಕೊಡೋದಿಲ್ಲ.

ನೀರು ಬಿಸಿಯಾದಾಗ ರಿಲೇಯ ವೈರನ್ನು ತಾನಾಗಿ ಅರ್ಥ್ ಮಾಡೋದು ಥರ್ಮೋ ಸ್ವಿಚ್. ನನ್ನದು ಎರಡು ಹಂತದ್ದು, 92 ಮತ್ತು 98 ಡಿಗ್ರಿ. ರೇಡಿಯೇಟರ್ ರಿಪೇರಿಯವರು ಮೇಲಿನ ಟ್ಯಾಂಕಿಗೆ ಸ್ವಿಚ್ ತಿರುಗಿಸಿ ಕೂರಿಸಲು ಥ್ರೆಡ್ ಇರುವ ಹಿತ್ತಾಳೆಯ ತುಂಡು ಬೆಸುಗೆ ಹಾಕಿ ಕೊಟ್ಟರು. ಹಾಕುವ ಮುಂಚೆ ಪರೀಕ್ಷೆ ಮಾಡೋಣ ಎಂದು ಅಡುಗೆಮನೆಗೆ ಹೋದೆ. ಪಾತ್ರೆಯಲ್ಲಿ ನೀರು, ಥರ್ಮಾಮೀಟರ್, ಸ್ವಿಚ್‌ಗೆ ಮೀಟರ್. 92ರ ಹತ್ತಿರ ಮೊದಲನೆಯದು ಬೀಪ್ ಎಂದಿತು. ನೀರು ಕುದಿಯಿತು, ಉಕ್ಕಿತು, ಎರಡನೆಯದು ಮಾತ್ರ ಬಾಯಿ ಬಿಡಲಿಲ್ಲ. ಸ್ವಿಚ್ ವಾಪಸ್ ಕೊಡೋಣ ಎಂದುಕೊಂಡಾಗ ಥರ್ಮಾಮೀಟರ್ ಕಣ್ಣಿಗೆ ಬಿತ್ತು: 97. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗಿಂತ ಮೇಲಿದೆ, ಇಲ್ಲಿ ನೀರು ನೂರಕ್ಕೆ ಹೋಗುವ ಮುಂಚೆಯೇ ಕುದಿಯುತ್ತದಲ್ವಾ! ಬಜ್ಜಿ ಕರಿದು ಉಳಿದಿದ್ದ ಎಣ್ಣೆಯಲ್ಲಿ ಮತ್ತೆ ನೋಡಿದೆ. 98ಕ್ಕೆ ಸರಿಯಾಗಿ ಬೀಪ್. ಅಮ್ಮ ಆ ಬಾಣಲೆಯನ್ನು ಮತ್ತೆ ಒಲೆ ಮೇಲೆ ಇಡಲು ಬಿಡಲಿಲ್ಲ, ಅದು ಬೇರೆ ಮಾತು.

ಕಾಯಿಲ್‌ಗಳ 86ನೇ ಪಿನ್ನಿಗೆ ಫ್ಯೂಸ್ ಬಾಕ್ಸಿನ ಹಸಿರು ವೈರಿನಿಂದ ಕೊಟ್ಟೆ. ಲೂಕಾಸ್ ಎಂಬ ಬ್ರಿಟಿಷ್ ಕಂಪನಿಯ ವೈರ್ ಬಣ್ಣದ ಲೆಕ್ಕದಲ್ಲಿ ಹಸಿರು ಅಂದರೆ ಕೀ ಹಾಕಿದಾಗ ಮಾತ್ರ ಬರುವ, ಫ್ಯೂಸ್ ದಾಟಿದ ಕರೆಂಟ್. ಆದರೂ ಟೆಸ್ಟ್ ಲ್ಯಾಂಪ್ ಹಿಡಿದೇ ನೋಡಿದೆ. ನಲವತ್ತು ವರ್ಷದಲ್ಲಿ ಯಾರು ಯಾವ ವೈರ್ ಎಲ್ಲಿಗೆ ಕಟ್ಟಿದ್ದಾರೋ! ತುಂಬಾ ಹಳೇ ಗಾಡಿಗಳಲ್ಲಂತೂ ಬ್ಯಾಟರಿಯ ಪಾಸಿಟಿವ್ವೇ ಬಾಡಿಗೆ ಅರ್ಥ್ ಆಗಿರುತ್ತದೆ. ಅಲ್ಲಿ ಈ ಲೆಕ್ಕವೆಲ್ಲ ತಿರುಗಾಮುರುಗಾ.

ಎಲ್ಲ ಓಡಿದ ಮೇಲೂ ಫ್ಯಾನ್ ಸ್ವಲ್ಪ ಸಪ್ಪೆ ಅನ್ನಿಸಿತು. ಬ್ಯಾಟರಿಯಲ್ಲಿ 13.6 ವೋಲ್ಟ್, ಫ್ಯಾನ್ ಬಾಯಲ್ಲಿ 12.1. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದನ್ನು ಫ್ಯಾನಿನ ನೆಗೆಟಿವ್‌ಗೆ ಇಟ್ಟಾಗ ಅಲ್ಲೇ ಒಂದು ವೋಲ್ಟ್‌ಗಿಂತ ಜಾಸ್ತಿ ಹೋಗುತ್ತಿತ್ತು. ಅರ್ಥ್ ಲಗ್ಗನ್ನು ನಾನು ಬಣ್ಣದ ಮೇಲೆಯೇ ಬಿಗಿದಿದ್ದೆ. ಉಪ್ಪುಕಾಗದದಲ್ಲಿ ಉಜ್ಜಿ, ಲೋಹ ಕಂಡ ಮೇಲೆ ಬಿಗಿದೆ. 13.2ಕ್ಕೆ ಬಂತು, ಸದ್ದೇ ಬೇರೆಯಾಯಿತು.

ರಿಲೇಗಳನ್ನು ಮಡ್‌ಗಾರ್ಡಿನ ಒಳಮೈಗೆ, ಪಿನ್ನು ಕೆಳಗೆ ಬರುವಂತೆ ಕೂರಿಸಿದ್ದೇನೆ. ಮೇಲೆ ಮಾಡಿದರೆ ಮಳೆಗಾಲದಲ್ಲಿ ಸಾಕೆಟ್ಟೇ ಬಟ್ಟಲು. ಹಳೇ ಫ್ಯಾನ್ ತೆಗೆದ ಮೇಲೆ ಪುಲ್ಲಿಯ ಬೋಲ್ಟ್‌ಗಳು ಉದ್ದವಾಗುತ್ತವೆ, ದಪ್ಪ ವಾಷರ್ ಹಾಕಬೇಕಾಯಿತು.

ಘಾಟಿಗೆ ಬೇಕೆಂದು ಡ್ಯಾಶ್‌ಬೋರ್ಡಿಗೆ ಒಂದು ಸ್ವಿಚ್ಚೂ ಇಟ್ಟೆ. ಮೊದಲು ಎರಡನೇ ಹಂತದ ವೈರಿಗೆ ಮಾತ್ರ ಕೊಟ್ಟಿದ್ದೆ, ಬಲ ಫ್ಯಾನ್ ಒಂದೇ ತಿರುಗಿತು. ಮೊದಲ ರಿಲೇ ಆನ್ ಆಗದೆ ಎಡ ಫ್ಯಾನ್‌ಗೆ ಕರೆಂಟ್ ಎಲ್ಲಿಂದ ಬರಬೇಕು? ಎರಡೂ ಹಂತವನ್ನು ಒಟ್ಟಿಗೆ, ಆದರೆ ಬೇರೆ ಬೇರೆಯಾಗಿ ಅರ್ಥ್ ಮಾಡುವ ಡಬಲ್ ಪೋಲ್ ಸ್ವಿಚ್ ಹಾಕಿದೆ. ಹೋದ ತಿಂಗಳು ಗುಂಡ್ಯದಿಂದ ಶಿರಾಡಿ ಹತ್ತುವಾಗ, ಮುಂದೆ ಒಂದು ಟ್ಯಾಂಕರ್ ಮೊದಲ ಗೇರಿನಲ್ಲಿ ತೆವಳುತ್ತಿತ್ತು. ಮುಳ್ಳು ಅರ್ಧ ದಾಟಿದಾಗ ಸ್ವಿಚ್ ಒತ್ತಿದೆ. ಸಕಲೇಶಪುರದಲ್ಲಿ ಕಾಫಿಗೆ ನಿಲ್ಲಿಸಿದಾಗ ಬಾನೆಟ್ ತೆಗೆಯುವ ಕೆಲಸ ಬೀಳಲಿಲ್ಲ. ಅಭ್ಯಾಸಬಲದಿಂದ ನೀರಿನ ಬಾಟಲಿ ಮಾತ್ರ ಹಿಡಿದುಕೊಂಡೇ ಇಳಿದೆ.