ಗರ್ಭಕಂಠದ ತಪಾಸಣೆ: ಮಾದರಿ ಕೊಡುವುದರಿಂದ ಮರುಪರೀಕ್ಷೆಯವರೆಗೆ

ಗರ್ಭಕಂಠದ ಕ್ಯಾನ್ಸರ್‌ಗೆ ಬಹುತೇಕ ಎಲ್ಲರಲ್ಲೂ ಎಚ್‌ಪಿವಿ ಎಂಬ ವೈರಾಣುವಿನ ದೀರ್ಘಕಾಲದ ಸೋಂಕೇ ಕಾರಣ. ಲೈಂಗಿಕ ಸಂಪರ್ಕದಿಂದ ಹರಡುವ ಈ ಸೋಂಕು ಹೆಚ್ಚಿನವರಲ್ಲಿ ಒಂದೆರಡು ವರ್ಷಗಳಲ್ಲಿ ತಾನಾಗಿಯೇ ಮಾಯವಾಗುತ್ತದೆ. ಉಳಿದುಕೊಂಡವರಲ್ಲಿ ಜೀವಕೋಶಗಳು ನಿಧಾನವಾಗಿ ಬದಲಾಗುತ್ತಾ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15ರಿಂದ 20 ವರ್ಷ ಹಿಡಿಯುತ್ತದೆ. ಅಷ್ಟೂ ಕಾಲ ನೋವಾಗಲಿ ಸ್ರಾವವಾಗಲಿ ಕಾಣಿಸದೇ ಇರಬಹುದಾದ್ದರಿಂದ, ಆರೋಗ್ಯವಾಗಿದ್ದೇನೆ ಎನಿಸುವಾಗಲೇ ತಪಾಸಣೆ ಮಾಡಿಸಿಕೊಳ್ಳಬೇಕು.

ವಿಶ್ವ ಆರೋಗ್ಯ ಸಂಸ್ಥೆಯು 30ನೇ ವಯಸ್ಸಿನಿಂದ 5ರಿಂದ 10 ವರ್ಷಗಳಿಗೊಮ್ಮೆ ಎಚ್‌ಪಿವಿ ಡಿಎನ್‌ಎ ಪರೀಕ್ಷೆಯನ್ನೂ, ಎಚ್‌ಐವಿ ಇರುವ ಮಹಿಳೆಯರಿಗೆ 25ನೇ ವಯಸ್ಸಿನಿಂದ 3ರಿಂದ 5 ವರ್ಷಗಳಿಗೊಮ್ಮೆ ಅದೇ ಪರೀಕ್ಷೆಯನ್ನೂ ಸೂಚಿಸಿದೆ. ಗರ್ಭಕಂಠದ ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಪ್ಯಾಪ್ ಸ್ಮಿಯರ್ ಪರೀಕ್ಷೆ ಮಾತ್ರ ಲಭ್ಯವಿದ್ದರೆ ಸಾಮಾನ್ಯವಾಗಿ 3 ವರ್ಷಗಳ ಅಂತರ ಪಾಲಿಸಲಾಗುತ್ತದೆ. ಎಚ್‌ಪಿವಿ ಲಸಿಕೆ ಹಾಕಿಸಿಕೊಂಡವರಿಗೂ ತಪಾಸಣೆ ಬೇಕು, ಏಕೆಂದರೆ ಲಸಿಕೆಯು ವೈರಾಣುವಿನ ಎಲ್ಲ ಬಗೆಗಳನ್ನೂ ತಡೆಯುವುದಿಲ್ಲ.

ಮುಟ್ಟಿನ ದಿನಗಳನ್ನು ಬಿಟ್ಟು ದಿನ ಗೊತ್ತುಮಾಡಿಕೊಳ್ಳಿ. ಹಿಂದಿನ ಎರಡು ದಿನ ಲೈಂಗಿಕ ಸಂಪರ್ಕ ಬೇಡ, ಯೋನಿಯೊಳಗೆ ಔಷಧ ಹಚ್ಚುವುದಾಗಲಿ ತೊಳೆಯುವುದಾಗಲಿ ಬೇಡ. ಪರೀಕ್ಷೆಯಲ್ಲಿ ಸ್ಪೆಕ್ಯುಲಮ್ ಎಂಬ ಉಪಕರಣದಿಂದ ಯೋನಿಯನ್ನು ಮೆಲ್ಲನೆ ಅಗಲಿಸಿ, ಪುಟ್ಟ ಬ್ರಷ್‌ನಿಂದ ಗರ್ಭಕಂಠದ ಜೀವಕೋಶಗಳನ್ನು ಸವರಿ ತೆಗೆಯುತ್ತಾರೆ. ಕೆಲವೇ ನಿಮಿಷಗಳ ಈ ಕೆಲಸದಲ್ಲಿ ಸ್ವಲ್ಪ ಬಿಗಿತ ಅನಿಸಬಹುದು. ನೋವಾದರೆ ನಿಲ್ಲಿಸುವಂತೆ ಹೇಳುವ ಹಕ್ಕು ನಿಮಗಿದೆ. ಮಹಿಳಾ ವೈದ್ಯರೇ ಬೇಕೆಂದು ಕೇಳುವುದರಲ್ಲಿ ಸಂಕೋಚಪಡಬೇಕಾಗಿಲ್ಲ. ಎಚ್‌ಪಿವಿ ಪರೀಕ್ಷೆಗೆ ಕೆಲವೆಡೆ ಮಾದರಿಯನ್ನು ನೀವೇ ತೆಗೆದುಕೊಡಬಹುದು.

ಬಹಳ ಮಂದಿ ಕೈಬಿಡುವುದು ಇದರ ನಂತರದ ಹಂತವನ್ನು. ವರದಿ ಯಾವಾಗ, ಯಾರಿಂದ ಸಿಗುತ್ತದೆಂದು ಅಲ್ಲಿಯೇ ಬರೆದುಕೊಳ್ಳಿ. ಕರೆ ಬರಲಿಲ್ಲವೆಂದರೆ ಎಲ್ಲವೂ ಸರಿಯಿದೆ ಎಂದು ಭಾವಿಸದೆ ನೀವೇ ವಿಚಾರಿಸಿ. ಮಾದರಿ ಸಾಲದು ಎಂದು ಬಂದರೆ ಮತ್ತೊಮ್ಮೆ ಕೊಡಬೇಕಾಗುತ್ತದೆ, ಅಷ್ಟೆ. ಎಚ್‌ಪಿವಿ ಪಾಸಿಟಿವ್ ಎಂದರೆ ಕ್ಯಾನ್ಸರ್ ಎಂದಲ್ಲ, ಸಂಗಾತಿಯನ್ನು ಶಂಕಿಸುವುದಕ್ಕೆ ಆಧಾರವೂ ಅಲ್ಲ. ವರ್ಷಗಳ ಹಿಂದಿನ ಸೋಂಕು ಈಗ ಪತ್ತೆಯಾಗಿರಬಹುದು.

ವೈದ್ಯರು ಕಾಲ್ಪೊಸ್ಕೋಪಿ, ಅಂದರೆ ಗರ್ಭಕಂಠವನ್ನು ಹಿಗ್ಗಿಸಿ ತೋರಿಸುವ ಉಪಕರಣದಿಂದ ನೋಡುವ ಪರೀಕ್ಷೆ, ಸೂಚಿಸಿದರೆ ಮುಂದೂಡಬೇಡಿ. ಅದರಲ್ಲಿ ಗರ್ಭಕಂಠಕ್ಕೆ ತೆಳುವಾದ ಅಸಿಟಿಕ್ ಆಮ್ಲ ಸವರುತ್ತಾರೆ. ಬದಲಾದ ಜಾಗಗಳು ಬೆಳ್ಳಗೆ ಕಾಣಿಸಿದಾಗ ಅಲ್ಲಿಂದ ಚೂರು ಅಂಗಾಂಶವನ್ನು ಬಯಾಪ್ಸಿಗೆ ಕಳುಹಿಸುತ್ತಾರೆ. ಸಿಐಎನ್ ಎಂದರೆ ಕ್ಯಾನ್ಸರ್‌ಗೆ ಮುಂಚಿನ ಜೀವಕೋಶ ಬದಲಾವಣೆ, ಅಂಕಿ ಹೆಚ್ಚಿದಷ್ಟೂ ಬದಲಾವಣೆ ತೀವ್ರ. ಸಿಐಎನ್ 1 ಎಂದು ವರದಿ ಬಂದರೆ ಅದು ಹಲವರಲ್ಲಿ ತಾನಾಗಿಯೇ ಸರಿಹೋಗುವುದರಿಂದ ಸಾಮಾನ್ಯವಾಗಿ ಕಾದು ಮರುಪರೀಕ್ಷಿಸುತ್ತಾರೆ. ಸಿಐಎನ್ 2 ಅಥವಾ 3 ಆದರೆ ಆ ಭಾಗವನ್ನು ತೆಗೆಯುವ ಇಲ್ಲವೇ ನಾಶಪಡಿಸುವ ಸಣ್ಣ ಚಿಕಿತ್ಸೆ ಸಾಮಾನ್ಯವಾಗಿ ಸಾಕಾಗುತ್ತದೆ, ಗರ್ಭಕೋಶವನ್ನೇ ತೆಗೆಯಬೇಕಾಗಿ ಬರುವುದು ಅಪರೂಪ. ಬದಲಾವಣೆ ಮರುಕಳಿಸಬಹುದಾದ್ದರಿಂದ ಚಿಕಿತ್ಸೆಯ ನಂತರವೂ ವೈದ್ಯರು ಹೇಳಿದ ದಿನಕ್ಕೆ ಹೋಗಬೇಕು. ಹಳೆಯ ವರದಿಗಳನ್ನೆಲ್ಲ ಜೊತೆಗೊಯ್ಯಿರಿ.

ಸಂಭೋಗದ ನಂತರ, ಎರಡು ಮುಟ್ಟುಗಳ ನಡುವೆ ಅಥವಾ ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ಕಳೆದ ತಪಾಸಣೆಯ ವರದಿ ಸರಿಯಾಗಿದ್ದರೂ ಮುಂದಿನ ಸರದಿಗೆ ಕಾಯದೆ ಕೂಡಲೇ ವೈದ್ಯರನ್ನು ಕಾಣಬೇಕು.