ಜಾಮ್ ಆದ ಸ್ಟೆಮ್ ಕತ್ತರಿಸದೆ ತೆಗೆದದ್ದು: ನನ್ನ ಅನುಭವ

ಸ್ಟೆಮ್ ಹೊರಗೆ ಬಂತು. ಸೈಕಲ್ ಹ್ಯಾಂಡಲನ್ನು ಹಿಡಿದು, ಮುಂದಿನ ಚಕ್ರದ ಕವಲಿನ (ಫೋರ್ಕ್) ಕೊಳವೆಯೊಳಗೆ ಇಳಿಯುವ ತುಂಡು ಅದು. ಕತ್ತರಿಸಲಿಲ್ಲ, ಬೆಂಕಿ ತೋರಿಸಲಿಲ್ಲ, ಫೋರ್ಕ್‌ಗೆ ಒಂದು ಗೀರೂ ಬೀಳಲಿಲ್ಲ. ಆಗುವುದಿಲ್ಲ ಎಂದವರೇ ಈಗ ಹೇಗೆ ತೆಗೆದಿರಿ ಎಂದು ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳುವುದಕ್ಕಿಂತ ಒಮ್ಮೆ ಬರೆದುಬಿಡೋಣ ಅನಿಸಿತು.

ಸೈಕಲ್ ಹಳೆಯ ಜಪಾನೀ ಸ್ಟೀಲ್ ಫ್ರೇಮ್. ನನ್ನ ಭಾವ ದುಬೈಯಿಂದ ಬರುವಾಗ ತಂದದ್ದು. ಒಂದು ಇಂಚಿನ ಥ್ರೆಡ್ ಇರುವ ಸ್ಟಿಯರರ್ (ಫೋರ್ಕಿನ ಮೇಲಿನ ಕೊಳವೆ), ಅದರೊಳಗೆ 22.2 ಮಿ.ಮೀ. ಅಲ್ಯೂಮಿನಿಯಂ ಸ್ಟೆಮ್. ನಮ್ಮ ಮನೆ ಮಲ್ಪೆ ಕಡೆ. ಸಮುದ್ರದ ಗಾಳಿಗೆ ಗೇಟಿನ ಬೀಗವೇ ಎರಡು ವರ್ಷಕ್ಕೆ ಜಾಮ್ ಆಗುವ ಊರು. ಈ ಸೈಕಲ್ ಹತ್ತು ವರ್ಷಕ್ಕೂ ಜಾಸ್ತಿ ಚಾವಡಿಯಲ್ಲಿ ಸುಮ್ನೆ ನಿಂತಿತ್ತು. ಸ್ಟೆಮ್ ಹಾಕುವಾಗ ಯಾರೂ ಗ್ರೀಸ್ ಹಚ್ಚಿರಲಿಲ್ಲ. ಸ್ಟೀಲ್, ಅಲ್ಯೂಮಿನಿಯಂ, ಉಪ್ಪುಗಾಳಿ ಮೂರೂ ಸೇರಿದರೆ ಅಲ್ಯೂಮಿನಿಯಂ ಬಿಳಿ ಪುಡಿ ಕಟ್ಟಿ ಒಳಗೇ ಕಚ್ಚಿಕೊಳ್ಳುತ್ತದೆ.

ನಿಜಕ್ಕೂ ಕೆಟ್ಟಿದ್ದು ಹೆಡ್‌ಸೆಟ್, ಅಂದರೆ ಹ್ಯಾಂಡಲ್ ತಿರುಗಲು ಇರುವ ಬೇರಿಂಗ್. ಹ್ಯಾಂಡಲ್ ನೇರ ಬಂದಾಗ ಕಟ್ ಎಂದು ಗುಂಡಿಯಲ್ಲಿ ಕೂರುತ್ತಿತ್ತು. ಕೈಬಿಟ್ಟು ಓಡಿಸುವ ಮಾತೇ ಇಲ್ಲ. ಹೆಡ್‌ಸೆಟ್ ಬದಲಿಸಲು ಫೋರ್ಕ್ ಬಿಚ್ಚಬೇಕು. ಫೋರ್ಕ್ ಬಿಚ್ಚಲು ಸ್ಟೆಮ್ ಬರಬೇಕು. ಸ್ಟೆಮ್ ಬರುವುದಿಲ್ಲ. ಅಲ್ಲಿಗೆ ಫ್ರೇಮ್, ಫೋರ್ಕ್, ಸ್ಟೆಮ್ ಮೂರೂ ಒಂದೇ ತುಂಡು.

ಉಡುಪಿಯ ಒಬ್ಬ ಹಳೇ ಮೆಕ್ಯಾನಿಕ್ ಹತ್ತಿರ ಒಯ್ದೆ. ಅವರು ಚಕ್ರವನ್ನು ಕಾಲಿನ ನಡುವೆ ಹಿಡಿದು ಎರಡು ಸಲ ತಿರುಗಿಸಿ ನೋಡಿದರು. "ಇದು ಬರುದಿಲ್ಲ ಮಾರಾಯ್ರೆ, ಕಟ್ ಮಾಡಿ ಬಿಸಾಡಿ" ಎಂದರು. ವೆಲ್ಡಿಂಗ್ ಅಂಗಡಿಯವರು ಗ್ಯಾಸ್ ಹಿಡಿದು ಕೆಂಪಗೆ ಮಾಡಿದರೆ ಬರುತ್ತದೆ ಎಂದರು. ಬೆಂಗಳೂರಿನ ಒಂದು ವರ್ಕ್‌ಶಾಪ್ ಫೋಟೊ ನೋಡಿ ನಾಲ್ಕೂವರೆ ಸಾವಿರ ಹೇಳಿತು. ಅದೂ ಸ್ಟೆಮ್ ಉಳಿಯುವ ಗ್ಯಾರಂಟಿ ಇಲ್ಲದೆ. ಬಸ್ಸಿಗೆ ಹಾಕಿ ಕಳಿಸುವ ಖರ್ಚು ಬೇರೆ. ಭಾವ ಫೋನಿನಲ್ಲಿ, "ಬಿಡು ಭಾವ, ಗುಜರಿಗೆ ಹಾಕು, ಹೊಸದು ತಗೊಳ್ಳೋಣ" ಎಂದ. ಆ ಸ್ಟೆಮ್ ನಿಟ್ಟೊ ಎಂಬ ಜಪಾನೀ ಕಂಪೆನಿಯದ್ದು. ಅಂಥದ್ದೇ ಹೊಸದು ತರಿಸಲು ಸುಂಕ ಎಲ್ಲ ಸೇರಿ ಆರೇಳು ಸಾವಿರ ಆಗುತ್ತಿತ್ತು. ಕತ್ತರಿಸಲು ನನಗೆ ಮನಸ್ಸೇ ಬರಲಿಲ್ಲ.

ಗ್ಯಾಸ್ ಬೇಡ ಎಂದದ್ದಕ್ಕೆ ಕಾರಣ ಇದೆ. ಬಿಸಿಗೆ ಅಲ್ಯೂಮಿನಿಯಂ ಸ್ಟೀಲ್‌ಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಒಳಗಿರುವುದು ಅಲ್ಯೂಮಿನಿಯಂ, ಹೊರಗಿರುವುದು ಸ್ಟೀಲ್. ಬಿಸಿ ಮಾಡಿದರೆ ಇನ್ನೂ ಬಿಗಿಯಾಗುತ್ತದೆ, ಅಲ್ವಾ? ಪೇಂಟ್ ಸುಡುವುದು ಬೇರೆ. ಲಗ್ (ಪೈಪುಗಳನ್ನು ಕೂಡಿಸುವ ತೋಳು) ಇರುವ ಫ್ರೇಮ್ ಆದ್ದರಿಂದ ಬ್ರೇಜಿಂಗ್ ಬೆಸುಗೆ ಬಿಡುವ ಭಯ ಬೇರೆ. ಇದೇ ಲೆಕ್ಕವನ್ನು ತಿರುಗಿಸಿ ಯೋಚಿಸಿದೆ. ತಣಿಸಿದರೆ ಅಲ್ಯೂಮಿನಿಯಂ ಜಾಸ್ತಿ ಕುಗ್ಗಬೇಕು. ಮಲ್ಪೆಯಲ್ಲಿ ಐಸ್‌ಗೆ ಬರವೇ?

ಐಸ್‌ಗೆ ಬರುವ ಮೊದಲು ಕೈಕೊಟ್ಟವುಗಳನ್ನು ಹೇಳಿಬಿಡುತ್ತೇನೆ, ನಿಮ್ಮ ದುಡ್ಡಾದರೂ ಉಳಿಯಲಿ.

ಎಕ್ಸ್‌ಪಾಂಡರ್ ಬೋಲ್ಟ್ (ಸ್ಟೆಮ್ಮನ್ನು ಒಳಗೆ ಬಿಗಿಹಿಡಿಯುವ ಉದ್ದ ಬೋಲ್ಟ್) ಮೂರು ನಾಲ್ಕು ಸುತ್ತು ಸಡಿಲಿಸಿ, ಮೇಲೆ ಮರದ ತುಂಡಿಟ್ಟು ಸುತ್ತಿಗೆಯಿಂದ ಹೊಡೆದರೆ ಅದರ ತುದಿಯ ಬೆಣೆ, ಅಂದರೆ ವೆಡ್ಜ್, ಕೆಳಗೆ ಬೀಳುತ್ತದೆ. ಅದು ಬಿತ್ತು. ಸ್ಟೆಮ್ ಅಲುಗಲಿಲ್ಲ. ಡಬ್ಬಿಯಲ್ಲಿ ಬರುವ ಪೆನೆಟ್ರೇಟಿಂಗ್ ಸ್ಪ್ರೇ, ಇನ್ನೂರೈವತ್ತು ರೂಪಾಯಿ ಇರಬೇಕು, ಮೇಲಿನಿಂದ ಎಷ್ಟು ಹೊಡೆದರೂ ಲಾಕ್ ನಟ್ ಹತ್ತಿರವೇ ನಿಲ್ಲುತ್ತದೆ. ಒಳಗೆ ಇಳಿಯುವುದಿಲ್ಲ. ಸೀಮೆಎಣ್ಣೆಯೂ ಅಷ್ಟೆ. ಅಮೋನಿಯಾ ಹಾಕಿದರೆ ಅಲ್ಯೂಮಿನಿಯಂನ ಬಿಳಿ ಪುಡಿ ಕರಗುತ್ತದೆ ಎಂದು ತುಂಬ ಜನ ಹೇಳುತ್ತಾರೆ. ಒಂದು ಬಾಟಲಿ ತಂದು ಹಾಕಿದೆ. ಹಿತ್ತಿಲಿಗೆಲ್ಲ ವಾಸನೆ, ಕಣ್ಣಲ್ಲಿ ನೀರು. ಸ್ಟೆಮ್ ಇದ್ದಲ್ಲೇ ಇತ್ತು. ಮನೆಯವರ ಮಾತಿಗೆ ತೆಂಗಿನೆಣ್ಣೆಯನ್ನೂ ಬಿಟ್ಟು ನೋಡಿದೆ. ವಾರ ಕಳೆದರೆ ಅಂಟಾಗಿ ನಿಂತಿತು, ಅದನ್ನು ತೊಳೆಯುವುದೇ ಇನ್ನೊಂದು ಕೆಲಸವಾಯಿತು.

ಕಾಸ್ಟಿಕ್ ಸೋಡಾ ಹಾಕಿ ಸ್ಟೆಮ್ಮನ್ನೇ ಕರಗಿಸುವ ದಾರಿ ಕೆಲವರಿಗೆ ಪ್ರಿಯ. ಸೈಕಲ್ ಮೇಲೆ ಹಾಕದೆ, ಹಾಳಾದ ಒಂದು ಅಲ್ಯೂಮಿನಿಯಂ ಪಾತ್ರೆಯ ಹಿಡಿಯನ್ನು ಕತ್ತರಿಸಿ, ಅಂಗಳದಲ್ಲಿ ಗಾಜಿನ ಬಾಟಲಿಯಲ್ಲಿಟ್ಟು ಪರೀಕ್ಷೆ ಮಾಡಿದೆ. ಬುಸುಬುಸು ಎಂದು ಹೈಡ್ರೋಜನ್ ಗುಳ್ಳೆ. ಬಾಟಲಿ ಮುಟ್ಟಲಾಗದಷ್ಟು ಬಿಸಿ. ಪಕ್ಕದಲ್ಲಿ ಹಾಕಿದ್ದ ಸ್ಟೀಲ್ ಬೋಲ್ಟ್‌ಗೆ ಏನೂ ಆಗಲಿಲ್ಲ, ಹಿಡಿ ಮಾತ್ರ ಸಂಜೆಗೆ ಅರ್ಧಕ್ಕರ್ಧ ಹೋಗಿತ್ತು. ಕೆಲಸ ಮಾಡುತ್ತದೆ, ಸುಳ್ಳಲ್ಲ. ಆದರೆ ಸ್ಟೆಮ್ ಹೋಯಿತು, ಒಂದು ಹನಿ ಕಣ್ಣಿಗೆ ಬಿದ್ದರೆ ಕಣ್ಣೂ ಹೋಯಿತು. ಮಕ್ಕಳಿರುವ ಮನೆಯಲ್ಲಿ ನಾನು ಮಾಡುವುದಿಲ್ಲ.

ಈಗ ನಾನು ಮಾಡಿದ್ದು.

ಮೊದಲು ಸೈಕಲ್ ತಲೆಕೆಳಗೆ. ಮುಂದಿನ ಚಕ್ರ, ಬ್ರೇಕ್, ಮಡ್‌ಗಾರ್ಡ್ ತೆಗೆದರೆ ಫೋರ್ಕ್ ಕ್ರೌನ್‌ನ (ಫೋರ್ಕಿನ ಎರಡು ಕಾಲು ಕೂಡುವ ಜಾಗ) ಅಡಿಯಲ್ಲಿ ಸ್ಟಿಯರರ್ ಬಾಯಿ ಕಾಣುತ್ತದೆ. ಎಣ್ಣೆಯನ್ನು ಅಲ್ಲಿಂದ ಬಿಡಬೇಕು. ಆಗ ಅದು ನೇರ ಸ್ಟೆಮ್ಮಿನ ತುದಿಗೆ ಹೋಗಿ, ಕಚ್ಚಿಕೊಂಡ ಜಾಗದ ಮೇಲೆಯೇ ನಿಲ್ಲುತ್ತದೆ. ಸ್ಟೆಮ್ಮಿನ ಬೋಲ್ಟ್ ತೂತಿಗೆ ಬಿರಡೆ ಹಾಕುವುದು ಮರೆಯಬೇಡಿ. ಇಷ್ಟಕ್ಕೇ ಅರ್ಧ ಜನರ ಸ್ಟೆಮ್ ಬಂದೀತು. ನಾನು ಬಿಟ್ಟದ್ದು ಅಸಿಟೋನ್ ಮತ್ತು ಪವರ್ ಸ್ಟೀರಿಂಗ್ ಆಯಿಲ್ ಬೆರೆಸಿದ್ದು. ಅದಕ್ಕೆ ಇನ್ನೊಂದು ವಸ್ತು ಚೂರು ಸೇರಿಸುತ್ತೇನೆ, ಅದು ನನ್ನ ಹತ್ತಿರವೇ ಇರಲಿ. ಆ ಎರಡರಿಂದಲೇ ಕೆಲಸ ನಡೆಯುತ್ತದೆ. ಅಸಿಟೋನ್ ಪೇಂಟ್ ತಿನ್ನುತ್ತದೆ, ಬಟ್ಟೆ ಸುತ್ತಿಟ್ಟುಕೊಳ್ಳಿ.

ಆಮೇಲೆ ತಣಿಸುವುದು. ಮೇ ತಿಂಗಳಲ್ಲಿ ಮಾಡಿದೆ. ಜೂನ್ ಬಂದರೆ ಬೋಟುಗಳಿಗೆ ರಜೆ. ಬಂದರಿನ ಐಸ್ ಪ್ಲಾಂಟಿನಿಂದ ಒಂದು ಬಕೆಟ್ ಪುಡಿ ಐಸ್ ತಂದೆ, ಐವತ್ತೋ ಅರವತ್ತೋ ಕೊಟ್ಟೆ. ಅದಕ್ಕೆ ಮೂರಕ್ಕೆ ಒಂದು ಪಾಲು ಕಲ್ಲುಪ್ಪು. ಸರಿಯಾಗಿ ಬೆರೆತರೆ ಮೈನಸ್ ಹದಿನೈದರ ಕೆಳಗೂ ಇಳಿಯುತ್ತದೆ. ಆದರೆ ಆ ಉಪ್ಪುನೀರು ಸೈಕಲ್‌ಗೆ ಒಂದು ಹನಿಯೂ ತಾಗಬಾರದು. ಕೆಟ್ಟಿದ್ದೇ ಉಪ್ಪಿನಿಂದ. ಅದಕ್ಕೆ ಐಸೋಪ್ರೊಪೈಲ್ ಸ್ಪಿರಿಟ್ ಬಾಟಲಿಯನ್ನು ಆ ಬಕೆಟ್ಟಿನಲ್ಲಿ ಹೂತಿಟ್ಟೆ. ಸ್ಪಿರಿಟ್ ಹೆಪ್ಪುಗಟ್ಟುವುದಿಲ್ಲ. ತುಕ್ಕನ್ನೂ ತರುವುದಿಲ್ಲ.

ಎಣ್ಣೆ ಬಸಿದು, ಸೈಕಲ್ ನೇರ ನಿಲ್ಲಿಸಿ, ಕೆಳಗಿನ ಬಾಯಿಗೆ ರಬ್ಬರ್ ಬಿರಡೆ ಒತ್ತಿದೆ. ಬಿರಡೆ ಬ್ರೇಕ್ ಬೋಲ್ಟಿನ ತೂತಿಗಿಂತ ಮೇಲೆ ಹೋಗಬೇಕು. ಇಲ್ಲದಿದ್ದರೆ ಎಲ್ಲ ಅಲ್ಲೇ ಸೋರುತ್ತದೆ. ಮೇಲೆ ಸ್ಟೆಮ್ಮಿನ ಬೋಲ್ಟ್ ತೂತಿನಿಂದ ತಣ್ಣಗಿನ ಸ್ಪಿರಿಟ್ಟನ್ನು ಸಿರಿಂಜಿನಲ್ಲಿ ಬಿಟ್ಟೆ. ನೂರು ಎಂ.ಎಲ್. ಕೂಡ ಹಿಡಿಯುವುದಿಲ್ಲ. ಬೇಗ ಬಿಸಿಯಾಗುತ್ತದೆ, ಹೊರಗೆ ಬಿಟ್ಟು ಮತ್ತೆ ತಣ್ಣಗಿನದು ಹಾಕುತ್ತಾ ಇರಬೇಕು. ಸ್ಟೆಮ್ಮಿನ ಹೊರಗಿನ ಕುತ್ತಿಗೆಗೆ ಐಸ್ ತುಂಬಿದ ಪ್ಲಾಸ್ಟಿಕ್ ಚೀಲ ಸುತ್ತಿದೆ. ಅದೇ ಹೊತ್ತಿಗೆ ಹೆಡ್ ಟ್ಯೂಬಿಗೆ (ಸ್ಟಿಯರರ್ ಹಾದುಹೋಗುವ ಫ್ರೇಮಿನ ಕೊಳವೆ) ಬಿಸಿನೀರಲ್ಲಿ ಅದ್ದಿದ ಬಟ್ಟೆ. ಬಿಸಿನೀರು ಅಡುಗೆಮನೆಯಲ್ಲಿ ಕಾಯಿಸಿ ತನ್ನಿ. ಸ್ಪಿರಿಟ್ ಇರುವ ಕಡೆ ಒಲೆ, ಬೀಡಿ ಏನೂ ಬೇಡ.

ಲೆಕ್ಕ ಹೇಳುವುದಾದರೆ, 22.2 ಮಿ.ಮೀ. ಅಲ್ಯೂಮಿನಿಯಂ ನಲವತ್ತು ಡಿಗ್ರಿ ತಣಿದರೆ 0.02 ಮಿ.ಮೀ. ಕುಗ್ಗುತ್ತದೆ. ಸ್ಟೀಲ್ ಕೂಡ ತಣಿಯುವುದರಿಂದ ಸಿಗುವ ಸಂದು 0.01ರ ಆಸುಪಾಸು. ಇಷ್ಟಕ್ಕೆ ಏನಾಗುತ್ತದೆ ಎಂದು ಮೆಕ್ಯಾನಿಕ್ ನಕ್ಕರು. ಆ ಸಂದಿನಿಂದ ಸ್ಟೆಮ್ ಜಾರಿ ಬರುವುದಿಲ್ಲ, ನಿಜ. ಆದರೆ ಬಿಳಿ ಪುಡಿಯ ಪದರ ಬಿರುಕು ಬಿಡುತ್ತದೆ. ಆ ಬಿರುಕಿಗೆ ಎಣ್ಣೆ ಇಳಿಯುತ್ತದೆ. ತಣಿಸು, ಬಿಸಿಯಾಗಲು ಬಿಡು, ತಲೆಕೆಳಗೆ ಮಾಡಿ ಎಣ್ಣೆ ಬಿಡು, ರಾತ್ರಿ ಇಡು, ಮತ್ತೆ ತಣಿಸು. ಹೀಗೆ ಎರಡು ವಾರದ ಮೇಲೆ ಹಿಡಿಯಿತು. ನಡುವೆ ಒಂದು ಸಂಜೆ ಎಣ್ಣೆಯ ಮಟ್ಟ ತಾನಾಗಿ ಕಮ್ಮಿಯಾಗಿತ್ತು. ಹೊರಗೆಲ್ಲೂ ಸೋರಿರಲಿಲ್ಲ. ಇಳಿಯುತ್ತಿದೆ ಎಂದು ಆಗಲೇ ಧೈರ್ಯ ಬಂತು.

ತಿರುಗಿಸುವುದಕ್ಕೂ ವ್ಯವಸ್ಥೆ ಬೇಕು. ಚಕ್ರ ಹಿಡಿದು ಹ್ಯಾಂಡಲ್ ತಿರುಗಿಸಿದರೆ ರಿಮ್ ಸೊಟ್ಟ ಆಗುತ್ತದೆ, ಅಷ್ಟೆ. ಫೋರ್ಕಿನ ಕಾಲುಗಳ ನಡುವೆ ಹಾರೆ ತೂರಿಸುವವರಿದ್ದಾರೆ, ದಯವಿಟ್ಟು ಬೇಡ, ಕಾಲು ಬಾಗುತ್ತದೆ. ನಾನು ಒಂದು ಬೆಂಚ್ ವೈಸ್ ಕೊಂಡೆ, ಸಾವಿರದ ಆರುನೂರು. ಬಡಗಿಯ ಹತ್ತಿರ ಹಲಸಿನ ಮರದ ಎರಡು ತುಂಡು ತಂದು, ಫೋರ್ಕ್ ಕ್ರೌನ್ ಆಕಾರಕ್ಕೆ ಕೊರೆದು, ಎರಡೂ ಕಡೆಯಿಂದ ಕಚ್ಚಿಸಿ ಬೋಲ್ಟ್ ಬಿಗಿದೆ. ಒಂದು ತುಂಡನ್ನು ನಾಲ್ಕಡಿ ಉದ್ದ ಬಿಟ್ಟೆ, ಅದೇ ಹಿಡಿ. ಸೈಕಲ್ ತಲೆಕೆಳಗೆ, ಸ್ಟೆಮ್ ವೈಸಿನಲ್ಲಿ ಮರದ ನಡುವೆ, ಮಗ ಫ್ರೇಮ್ ಹಿಡಿದುಕೊಂಡ. ತಣಿಸಿದ ಕೂಡಲೇ ಹಿಡಿಯನ್ನು ಒತ್ತಿದೆ. ಜರ್ಕ್ ಕೊಡಬಾರದು, ಮೈಭಾರ ಹಾಕಿ ಕಾಯಬೇಕು.

ಒಣಗಿದ ಕೊಂಬೆ ಮುರಿದಂತೆ ಒಂದು ಶಬ್ದ ಬಂತು. ಹಲಸಿನ ಮರವೇ ಸೀಳಿತು ಅಂದುಕೊಂಡೆವು. ನೋಡಿದರೆ ಫೋರ್ಕ್ ಎರಡು ಬೆರಳಷ್ಟು ತಿರುಗಿತ್ತು. ಅಲ್ಲಿಂದ ಮುಂದೆ ಆತುರ ಬೇಡ. ಆ ಕಡೆ ಚೂರು, ಈ ಕಡೆ ಚೂರು, ಎಣ್ಣೆ, ಮತ್ತೆ ಚೂರು. ಎಳೆಯುವ ಕೆಲಸ ಕೊನೆಗೆ. ಹೊರಗೆ ಬಂದಾಗ ಸ್ಟೆಮ್ ಮೇಲೆ ಗಟ್ಟಿ ಬಿಳಿ ಹೊಪ್ಪಳೆ, ಕೆಳಗಿನ ಒಂದೂವರೆ ಇಂಚು ಮಾತ್ರ. ಅಷ್ಟೇ ಜಾಗ ಇಷ್ಟು ಹಟ ಹಿಡಿದಿತ್ತು. ಬಿರುಕು, ಆಳದ ಗುಂಡಿ ಇದೆಯೇ ಎಂದು ಲೆನ್ಸ್ ಹಿಡಿದು ನೋಡಿದೆ. ಇರಲಿಲ್ಲ. ಇದ್ದಿದ್ದರೆ ನಿಟ್ಟೊ ಆದರೂ ಎಸೆಯುತ್ತಿದ್ದೆ.

ಉಡುಪಿಯ ಮೆಕ್ಯಾನಿಕ್‌ಗೆ ಒಯ್ದು ತೋರಿಸಿದೆ. ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಆ ಮರದ ಕ್ಲಾಂಪ್‌ನ ಅಳತೆ ಬರೆದುಕೊಂಡರು. ನನಗೆ ಅದು ದೊಡ್ಡ ಮರ್ಯಾದೆ.

ಇನ್ನು ಹೆಡ್‌ಸೆಟ್. ಇಲ್ಲಿ ದುಡ್ಡು ಹೋದದ್ದು ಜಾಸ್ತಿ. ಅಂಗಡಿಯಲ್ಲಿ ಫೋರ್ಕ್ ಫಿಟ್ಟಿಂಗ್ ಸೆಟ್ ಎಂದು ಮಾರುವ ಹೆಡ್‌ಸೆಟ್ ನೂರೆಂಬತ್ತಕ್ಕೆ ಸಿಕ್ಕಿತು. ನಟ್ ಎರಡು ಸುತ್ತು ಹೋಗಿ ನಿಂತಿತು. ಥ್ರೆಡ್ ಗೇಜ್ ಇಟ್ಟು ನೋಡಿದರೆ ಇಂಚಿಗೆ 26 ಎಳೆ, ನನ್ನ ಸ್ಟಿಯರರ್ 24. ಆನ್‌ಲೈನ್‌ನಲ್ಲಿ ಒಂದು ಇಂಚು ಎಂದಷ್ಟೇ ಬರೆದಿದ್ದ ಇನ್ನೊಂದು ಸೆಟ್ ಒಂಬೈನೂರಕ್ಕೆ ಬಂತು. ಥ್ರೆಡ್ ಸರಿ, ಆದರೆ ಕೆಳಗಿನ ರೇಸ್ (ಫೋರ್ಕಿನ ಮೇಲೆ ಕೂರುವ ಬೇರಿಂಗ್ ಬಳೆ) 26.4 ಮಿ.ಮೀ. ಜಪಾನೀ ಹಳೇ ಫೋರ್ಕಿಗೆ ಬೇಕಾದದ್ದು 27.0. ಫ್ರೇಮಿನೊಳಗೆ ಕೂರುವ ಕಪ್‌ಗಳಲ್ಲೂ ಹಾಗೇ, ಬಂದದ್ದು 30.2, ಬೇಕಾದದ್ದು 30.0. ಮಾರಿದವರು ವಾಪಸು ತಗೊಳ್ಳಲಿಲ್ಲ. ಮೂರನೆಯದು ಜೆಐಎಸ್ (ಜಪಾನೀ ಅಳತೆ) ಎಂದು ಕೇಳಿ ತರಿಸಿದೆ, ಸಾವಿರದ ನೂರು ಇರಬೇಕು. ಜಪಾನೀ ಫ್ರೇಮ್ ಇದ್ದವರು ಕ್ಯಾಲಿಪರ್ ಹಿಡಿದು ಅಳೆಯದೆ ಆರ್ಡರ್ ಮಾಡಬೇಡಿ.

ಕಪ್ ಕೂರಿಸಲು ಅರ್ಧ ಮೀಟರ್ ಎಂ12 ಥ್ರೆಡ್ ರಾಡ್, ದಪ್ಪ ವಾಷರ್, ಎರಡು ನಟ್ ಸಾಕು. ಕೆಳಗಿನ ರೇಸ್ ಬಡಿಯಲು ಒಂದು ಇಂಚಿನ ಜಿಐ ಪೈಪ್ ತುಂಡು. ಅದರ ಒಳ ಅಳತೆ 27ರ ಹತ್ತಿರ, ಸ್ಟಿಯರರ್ ಮೇಲೆ ಸಲೀಸಾಗಿ ಇಳಿಯುತ್ತದೆ. ನಡುವೆ ಹಳೇ ರೇಸನ್ನು ಮಗುಚಿ ಇಡಿ, ಹೊಸದಕ್ಕೆ ಪೆಟ್ಟು ಬೀಳುವುದಿಲ್ಲ. ಬೇರಿಂಗ್ ಬಾಲ್ಸ್ ಹಿಡಿದಿಡುವ ಕೇಜ್ ತೆಗೆದುಬಿಟ್ಟೆ. ಕೇಜಿನಲ್ಲಿ ಇಪ್ಪತ್ತರ ಆಸುಪಾಸು ಇದ್ದವು. 5/32 ಇಂಚಿನ ಬಿಡಿ ಬಾಲ್ಸ್ ಇಪ್ಪತ್ತೈದು ಹಿಡಿಯಿತು, ಒಂದರ ಜಾಗ ಖಾಲಿ ಬಿಟ್ಟೆ. ಭಾರ ಹಂಚಿಹೋಗುತ್ತದೆ, ಗುಂಡಿ ಬೀಳುವುದು ತಡವಾಗುತ್ತದೆ. ಲಾಕ್ ನಟ್ ಬಿಗಿದ ಮೇಲೂ ಹದ ಕೆಡದಂತೆ ಹಿಡಿಯುವ ಒಂದು ಕೈಚಳಕ ಇದೆ, ಅದನ್ನು ಎದುರು ಕೂತು ತೋರಿಸಬೇಕು, ಬರೆದು ಹೇಳಲು ಬರುವುದಿಲ್ಲ.

ಗ್ರೀಸ್ ಬಗ್ಗೆ ಒಂದು ಬೇರೆ ಪರೀಕ್ಷೆ ಮಾಡಿದ್ದೇನೆ. ಅಲ್ಯೂಮಿನಿಯಂ ಪಟ್ಟಿಗೆ ಸ್ಟೀಲ್ ಬೋಲ್ಟ್ ಹಾಕಿ, ಒಂದಕ್ಕೆ ಸೈಕಲ್ ಅಂಗಡಿಯ ಗ್ರೀಸ್, ಒಂದಕ್ಕೆ ಬೋಟಿನವರು ಬಳಸುವ ಗ್ರೀಸ್, ಒಂದಕ್ಕೆ ಏನೂ ಹಚ್ಚದೆ, ಇಡೀ ಮಳೆಗಾಲ ಮಾಡಿನ ಅಂಚಿಗೆ ನೇತುಹಾಕಿದೆ. ಏನೂ ಹಚ್ಚದ್ದು ಸ್ಪಾನರಿಗೆ ಕಿರುಗುಟ್ಟಿತು. ಅಂಗಡಿಯದ್ದು ತೊಳೆದುಹೋಗಿತ್ತು. ಬೋಟಿನ ಗ್ರೀಸ್ ಹಚ್ಚಿದ್ದು ಬೆರಳಲ್ಲೇ ಬಿಚ್ಚಿ ಬಂತು. ಸ್ಟೆಮ್‌ಗೆ ಈಗ ಅದನ್ನೇ ಧಾರಾಳವಾಗಿ ಹಚ್ಚಿದ್ದೇನೆ. ಮಳೆಗಾಲಕ್ಕೆ ಮೊದಲು ಪ್ರತಿ ವರ್ಷ ಬಿಚ್ಚಿ ಹಾಕುತ್ತೇನೆ.

ಒಟ್ಟು ಖರ್ಚು ನಾಲ್ಕು ಸಾವಿರ ಚಿಲ್ಲರೆ, ಬೇಡದ ಎರಡು ಸೆಟ್ ಸೇರಿ. ಬೆಂಗಳೂರಿನವರು ಹೇಳಿದ್ದಕ್ಕಿಂತ ಬಹಳ ಕಮ್ಮಿ ಏನಲ್ಲ. ಆದರೆ ವೈಸ್ ಮನೆಯಲ್ಲಿದೆ, ಸ್ಟೆಮ್ ಸೈಕಲ್ ಮೇಲಿದೆ.

ಅದೇ ಫ್ರೇಮಿನ ಸೀಟ್ ಪೋಸ್ಟೂ ಜಾಮ್. ಸ್ಯಾಡಲ್ ತೆಗೆದು, ಬಾಟಮ್ ಬ್ರ್ಯಾಕೆಟ್ (ಪೆಡಲ್ ತಿರುಗುವ ಅಚ್ಚು) ಬಿಚ್ಚಿ, ಅಲ್ಲಿಂದಲೇ ಎಣ್ಣೆ ಬಿಟ್ಟು ತಲೆಕೆಳಗೆ ನಿಲ್ಲಿಸಿದ್ದೇನೆ. ಕಳೆದ ವಾರ ಐಸ್ ಇಟ್ಟಾಗ ಕಾಲು ಸುತ್ತು ತಿರುಗಿದೆ.