ಕೊನೆಗೂ ಬೌನ್ಸ್ ದಾಟಿದ ಕೋಡ್: ನನ್ನ ಅನುಭವ

ಹೋದ ವಾರ ರಾತ್ರಿ ಎರಡರ ಹೊತ್ತಿಗೆ ನನ್ನ ಕೋಡ್ ಬೌನ್ಸ್ ದಾಟಿತು. ಬೌನ್ಸ್ ಅಂದರೆ ಕುಗ್ಗುತ್ತಿದ್ದ ವಿಶ್ವ ತಿರುಗಿ ಹಿಗ್ಗತೊಡಗುವ ಗಳಿಗೆ. ಕುಗ್ಗುವ ವಿಶ್ವದಲ್ಲಿ ಹುಟ್ಟಿದ ಸಾಂದ್ರತೆಯ ಏರಿಳಿತ ಹಿಗ್ಗುವ ಕಡೆಗೆ ನುಣ್ಣಗೆ ಬಂದಿತು. 'ಅಲ್ಲಿ ಸಮೀಕರಣವೇ ಒಡೆಯುತ್ತೆ, ಸುಮ್ನೆ ಮ್ಯಾಚಿಂಗ್ ಮಾಡಿ ಮುಗಿಸು' ಅಂತ ಒಂದೂವರೆ ವರ್ಷ ಕೇಳಿಸಿಕೊಂಡಿದ್ದೆ. (ಮ್ಯಾಚಿಂಗ್ ಅಂದರೆ ಬೌನ್ಸ್‌ನೊಳಗೆ ಲೆಕ್ಕ ಮಾಡದೆ ಆಚೀಚೆಯ ಉತ್ತರಗಳನ್ನು ಜೋಡಿಸಿಬಿಡುವುದು.)

ಮಾದರಿ ಇದು: ಮ್ಯಾಟರ್ ಬೌನ್ಸ್ (ಒತ್ತಡವಿಲ್ಲದ ದ್ರವ್ಯ ತುಂಬಿದ ವಿಶ್ವ ಕುಗ್ಗಿ ಬೌನ್ಸ್ ಆಗುವುದು), ಜೊತೆಗೆ ರೇಡಿಯೇಶನ್‌ನಂತೆ ವರ್ತಿಸುವ ಋಣ ಶಕ್ತಿಯ ಫೀಲ್ಡ್. ಗುರುತ್ವ ಅಲೆಗಳು ಮೊದಲ ದಿನವೇ ದಾಟಿದವು. ಕಾಡಿದ್ದು ಝೀಟಾ, ಅಂದರೆ ಸಾಂದ್ರತೆಯ ಏರಿಳಿತವನ್ನು ವಕ್ರತೆಯಾಗಿ ಅಳೆಯುವ ಚರ. ಸ್ಕೇಲ್ ಫ್ಯಾಕ್ಟರ್ (ವಿಶ್ವದ ಗಾತ್ರದ ಅಳತೆ) ತನ್ನ ಕನಿಷ್ಠದ 4/3 ಆದಾಗ ಸಾಂದ್ರತೆ, ಒತ್ತಡಗಳ ಮೊತ್ತ ಸೊನ್ನೆ, ಝೀಟಾದ ಲೆಕ್ಕ ಭಾಗಿಸುವುದೇ ಅದರಿಂದ. ಬೌನ್ಸ್ ಗಳಿಗೆಯನ್ನು ಸೊನ್ನೆ ಎಂದಿಟ್ಟರೆ, ಬೌನ್ಸ್‌ನದೇ ಅಳತೆಯಲ್ಲಿ ಆಗ ಕಾಲ ಮೈನಸ್ 0.577. ಕೋಡ್ ಕಾಲದಲ್ಲಿ ಇಡುವ ಹೆಜ್ಜೆ (ಸ್ಟೆಪ್ ಸೈಜ್) ಕರಗಿ ಕರಗಿ ಅಲ್ಲೇ ಕೂತಿತು. ನಿಖರತೆ ಸಾಲದು ಅಂದುಕೊಂಡೆ. ಕ್ಲೌಡ್ ಮೆಷಿನ್ ಬಾಡಿಗೆಗೆ ಹಿಡಿದು ಕ್ವಾಡ್ ಪ್ರಿಸಿಷನ್‌ನಲ್ಲಿ ಓಡಿಸಿದೆ. ಎರಡು ತಿಂಗಳಿಗೆ ಕೈಯಿಂದ ಹೋದದ್ದು ಸುಮಾರು 11 ಸಾವಿರ ರೂಪಾಯಿ. ನಿಂತದ್ದು ಮತ್ತೆ ಅದೇ ಮೈನಸ್ 0.577ರಲ್ಲಿ! ಆ ದುಡ್ಡು ಇವತ್ತಿಗೂ ಉರಿಯುತ್ತದೆ.

ತಪ್ಪು ಮೆಷಿನ್‌ದಲ್ಲ, ಚರದ್ದು. ಋಣ ಫೀಲ್ಡ್‌ನ ಏರಿಳಿತ ಸೊನ್ನೆಯಾಗುವ ಗೇಜ್‌ಗೆ (ನಿರ್ದೇಶಾಂಕಗಳ ಆಯ್ಕೆಗೆ) ಹೋದೆ, ಅಲ್ಲಿ ಎಲ್ಲವೂ ನಯ. ದಾಟಿದ ಮೇಲೆ ಝೀಟಾಗೆ ವಾಪಸ್. ಎಲ್ಲಿ ವಾಪಸಾಗಬೇಕು, ಯಾವ ಎರಡು ಚರ ಜೋಡಿಸಬೇಕು ಅನ್ನೋದು ಪೇಪರ್ ಬರುವವರೆಗೆ ನನ್ನಲ್ಲೇ ಇರಲಿ.

ಕಾಲದ ಬದಲು ಇ-ಎನ್-ಫೋಲ್ಡ್ ಬಳಸಿದೆ, ಅಂದರೆ ಬೌನ್ಸ್‌ಗೆ ಮೊದಲು ಋಣ, ಬೌನ್ಸ್‌ನಲ್ಲಿ ಸೊನ್ನೆ, ಆಮೇಲೆ ಧನವಾಗುವ ಎನ್ ಎಂಬ ಚರ. ಸ್ಕೇಲ್ ಫ್ಯಾಕ್ಟರ್ ಇಳಿದು ಏರುವಾಗ ಮಾಮೂಲಿ ಇ-ಫೋಲ್ಡ್ (ಸ್ಕೇಲ್ ಫ್ಯಾಕ್ಟರ್‌ನ ಲಾಗರಿಥಮ್) ನಡೆಯಲ್ಲ, ಅಲ್ವಾ? ಆದರೆ ಎನ್ ಸೊನ್ನೆಯಾದಾಗ ಸೊನ್ನೆ ಭಾಗಿಸು ಸೊನ್ನೆ ಬಂದು ಪರದೆ ತುಂಬಾ ನ್ಯಾನ್ (ಇದು ಸಂಖ್ಯೆಯೇ ಅಲ್ಲ ಎಂಬ ಸೂಚನೆ). ಆ ಭಾಗಾಕಾರದ ಲಿಮಿಟ್ ಅನ್ನು ಕೈಯಲ್ಲೇ ಲೆಕ್ಕ ಹಾಕಿ ಕೋಡ್‌ಗೆ ಬರೆದು ಕೊಡಿ. ಇದೊಂದೇ ಸಾಲಿಗೆ ಮೂರು ವಾರ ಕಳೆದಿದ್ದೆ.

ನಡುವೆ ಒಂದು ಭಾನುವಾರ ಕುಗ್ಗುವ ಕಾಲದ ಒತ್ತಡವನ್ನು ಸ್ವಲ್ಪ ಅಲುಗಾಡಿಸಿ ನೋಡಿದೆ. ಒತ್ತಡ-ಸಾಂದ್ರತೆಯ ಅನುಪಾತ ಸೊನ್ನೆ ಬದಲು ಮೈನಸ್ 0.003 ಇಟ್ಟರೆ ಸ್ಪೆಕ್ಟ್ರಲ್ ಇಂಡೆಕ್ಸ್ (ಏರಿಳಿತದ ಬಲ ದೊಡ್ಡ, ಸಣ್ಣ ಅಳತೆಗಳ ನಡುವೆ ಹೇಗೆ ಬದಲಾಗುತ್ತದೆ ಅನ್ನುವ ಸಂಖ್ಯೆ) 0.964 ಆಸುಪಾಸು. ಪ್ಲಾಂಕ್ ಉಪಗ್ರಹದ ಅಳತೆ ಸುಮಾರು 0.965! ರೇಡಿಯೇಶನ್‌ನ 1/3 ಹಾಕಿದರೆ 3ಕ್ಕೆ ಹಾರುತ್ತದೆ, ಕೆಲಸಕ್ಕೆ ಬಾರದು.

ನನಗೆ ಜಾಸ್ತಿ ಖುಷಿ ಕೊಟ್ಟದ್ದು ಟೆನ್ಸರ್-ಸ್ಕೇಲಾರ್ ಅನುಪಾತ, ಅಂದರೆ ಸಾಂದ್ರತೆಯ ಏರಿಳಿತಕ್ಕೆ ಹೋಲಿಸಿದರೆ ಗುರುತ್ವ ಅಲೆಗಳ ಬಲ ಎಷ್ಟು ಅನ್ನುವುದು. ಅದು ತೀರಾ ದೊಡ್ಡದಾಗಿ ಮ್ಯಾಟರ್ ಬೌನ್ಸ್ ಸೋಲುವುದೇ ಇಲ್ಲಿ ಅನ್ನುತ್ತಿದ್ದರು. ಬೌನ್ಸ್‌ಗೆ ಮೊದಲು ಅದು ನಿಜವಾಗಿಯೂ ದೊಡ್ಡದೇ. ದಾಟುವಾಗ ಝೀಟಾ ಎಷ್ಟು ಎದ್ದಿತೆಂದರೆ, ಆಚೆ ಕಡೆ ಅನುಪಾತ ಹತ್ತು ಲಕ್ಷದಲ್ಲಿ ಒಂದರ ಮಟ್ಟಕ್ಕೆ ಬಿತ್ತು. ದಕ್ಷಿಣ ಧ್ರುವದ ಬೈಸೆಪ್-ಕೆಕ್ ದೂರದರ್ಶಕಗಳ ತಂಡ 2021ರಲ್ಲಿ ಕೊಟ್ಟ ಗರಿಷ್ಠ ಮಿತಿ 0.036. ಒಂದು ಮೋಡ್‌ಗೆ (ಒಂದು ತರಂಗಾಂತರದ ಏರಿಳಿತಕ್ಕೆ) ನನ್ನ ಹಳೇ ಲ್ಯಾಪ್‌ಟಾಪ್‌ನಲ್ಲಿ ನಾಲ್ಕೈದು ನಿಮಿಷ ಸಾಕು.